ಕಂಬಳಿ ಕಳುಹಿಸಿಕೊಡುವ ಕುರಿತು

ಮಾನ್ಯ ಓದುಗರಲ್ಲಿ ಮೊದಲು ಕ್ಷಮೆ ಬೇಡಿಕೊಂಡು ಮುಂದುವರಿಯುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಕಾಲುವೆಯ ಗೋಡೆಗೆ ಬಳಿದ ಅಳತೆಪಟ್ಟಿಯನ್ನು ನೋಡಿ ದಿನಕ್ಕೆ ಮೂರು ಸಲ ನೀರಿನ ಎತ್ತರ ಬರೆದಿಡುವುದೇ ಬಹುಕಾಲ ನನ್ನ ಕೆಲಸವಾಗಿದ್ದುದರಿಂದ, ಅಂಕಿಗಳು ನೆಟ್ಟಗೆ ನಿಲ್ಲುತ್ತವೆ, ಅಕ್ಷರಗಳು ಒಂದರ ಮೇಲೊಂದು ಒರಗುತ್ತವೆ. ಯಾವ ಅಕ್ಷರಕ್ಕೆ ಹೊಟ್ಟೆ ಸೀಳಬೇಕು, ಯಾವುದಕ್ಕೆ ಬೇಡ ಎಂಬ ಅನುಮಾನ ಈ ವಯಸ್ಸಿನಲ್ಲಿಯೂ ಹೋಗಿಲ್ಲ. ಈ ಬರಹವನ್ನು ಎರಡು ಸಲ ಶುದ್ಧಪ್ರತಿ ಮಾಡಿದ್ದೇನೆ. ಮೊದಲನೆಯದರಲ್ಲಿ ಇಲ್ಲದ ತಪ್ಪುಗಳು ಎರಡನೆಯದರಲ್ಲಿ ಸೇರಿಕೊಂಡಿರುವಂತೆ ಕಾಣುತ್ತದೆ. ಅದಲ್ಲದೆ, ಕಚೇರಿಯ ಪತ್ರಗಳನ್ನು ನಕಲು ಮಾಡುತ್ತ ಮಾಡುತ್ತ ಬರವಣಿಗೆ ಕಲಿತವನಾದ್ದರಿಂದ, ಸ್ವಂತದ ಮಾತು ಹೇಳುವಾಗಲೂ ಕಚೇರಿಯ ಧಾಟಿ ನುಸುಳುತ್ತದೆ. ಬೇರೆ ಧಾಟಿಯಲ್ಲಿ ಬರೆಯಲು ಯತ್ನಿಸಿ, ಆಗದೆ, ಬಿಟ್ಟಿದ್ದೇನೆ.

ತಮ್ಮ ಅವಗಾಹನೆಗೆ ತರಬೇಕಾಗಿರುವ ಸಂಗತಿ ಒಂದೇ. ಒಂದು ಚಳಿಗಾಲದಲ್ಲಿ ನಾನು ಸುರಪುರದ ಗುಡ್ಡದ ಮೇಲಿರುವ ಸ್ನೇಹಿತನ ಮನೆಗೆ ಹೋಗಿದ್ದೆ. ಸ್ನೇಹಕ್ಕಾಗಿ ಹೋಗಲಿಲ್ಲ, ಒಂದು ಕಾಗದಕ್ಕಾಗಿ ಹೋದೆ.

ಅದು ನಮ್ಮ ಕಡೆಗೆ ಕಾಲುವೆ ಬರುತ್ತಿದ್ದ ಕಾಲ. ಭೀಮರಾಯನಗುಡಿಯಲ್ಲಿ ದೊಡ್ಡ ಕಚೇರಿಗಳು, ಸಾಹೇಬರ ಮನೆಗಳು ಇದ್ದವು. ಅಲ್ಲಿಂದ ದೂರ, ಉಪಕಾಲುವೆ ಕವಲೊಡೆಯುವ ಕಡೆ, ಜೋಳದ ಹೊಲಗಳ ನಡುವೆ ಮೂರು ತಗಡಿನ ಶೆಡ್ಡುಗಳ ಒಂದು ಸಣ್ಣ ಕ್ಯಾಂಪು ಇತ್ತು. ಅದಕ್ಕೊಂದು ಊರಿನ ಹೆಸರಿರಲಿಲ್ಲ. ತೂಬಿನ ನಂಬರಿನಿಂದಲೇ ಕರೆಯುತ್ತಿದ್ದರು. ಈಗ ಅದು ಇಲ್ಲ. ಅಲ್ಲಿ ನಾನು ದಿನಗೂಲಿಯವನು. ಮೊದಲು ಗುಮಾಸ್ತರ ಕೈಕೆಳಗೆ ಪತ್ರ ನಕಲು ಮಾಡಿದೆ. ನೀರು ಬಿಡತೊಡಗಿದ ಮೇಲೆ ನನ್ನನ್ನು ಗೇಜು, ಅಂದರೆ ಆ ಅಳತೆಪಟ್ಟಿ, ಓದಲು ಹಾಕಿದರು.

ಹೀಗೆ ಐದಾರು ವರ್ಷ ಕಳೆದ ಮೇಲೆ, ಗೊತ್ತುಪಡಿಸಿದ ಒಂದು ದಿನಕ್ಕಿಂತ ಮೊದಲು ಕೆಲಸಕ್ಕೆ ಸೇರಿದವರನ್ನು ಮಾತ್ರ ಕಾಯಂ ಮಾಡುವುದಾಗಿಯೂ, ಉಳಿದವರನ್ನು ಕೆಲಸದಿಂದ ಬಿಡಿಸುವುದಾಗಿಯೂ ಆದೇಶ ಬಂತು. ಆ ದಿನವು ನಾನು ಸೇರಿದ ವರ್ಷದ ಶಿವರಾತ್ರಿಯ ಹಿಂದಿನ ವಾರದಲ್ಲಿ ಬೀಳುತ್ತಿತ್ತು. ನಾನು ಸೇರಿದ್ದು ಸಂಕ್ರಾಂತಿ ಮುಗಿದ ಮೂರನೆಯ ದಿನ. ಆದಕಾರಣ ನಾನು ನಿಶ್ಚಿಂತನಾಗಿದ್ದೆ. ಆದರೆ ಹಿರಿಯ ಗುಮಾಸ್ತರು ಆ ವರ್ಷದ ಹಾಜರಿ ಪುಸ್ತಕಕ್ಕಾಗಿ ಟ್ರಂಕು ತೆರೆದಾಗ, ಪುಸ್ತಕದ ಕೆಳಗಿನ ಅರ್ಧ ಮಣ್ಣಾಗಿತ್ತು. ಗೆದ್ದಲು ತಿಂದಿತ್ತು. ಹಳಬರ ಹೆಸರುಗಳು ಮೇಲ್ಭಾಗದಲ್ಲಿದ್ದುದರಿಂದ ಉಳಿದಿದ್ದವು. ಹೊಸಬನಾದ ನನ್ನ ಹೆಸರು ಪ್ರತಿ ಪುಟದ ಕಟ್ಟಕಡೆಗೆ ಇರುತ್ತಿತ್ತು.

“ನಿನ್ನ ಹೆಸರು, ಈ ಕ್ಯಾಂಪು, ತಾರೀಖು, ಮೂರೂ ಕೂಡಿ ಇದ್ದ ಒಂದು ಕಾಗದ ತೊಗೊಂಡು ಬಾ,” ಎಂದರು ಗುಮಾಸ್ತರು. “ಯಾವ್ದರೆ ಆಗ್ಲಿ, ಸರ್ಕಾರದ ಸಿಕ್ಕಾ ಒಂದು ಇರಬೇಕು. ಸೋಮವಾರ ಸಂಜಿಗೆ ಪಟ್ಟಿ ಹೋಗ್ತದ.”

“ಸಿಗಲಿಲ್ಲಂದ್ರರಿ?”

“ಸಿಗಲಿಲ್ಲಂದ್ರ ಪಟ್ಟಿಯೊಳಗ ಹೆಸರಿಲ್ಲ. ನಾ ಏನ್ ಮಾಡ್ಲೋ ತಮ್ಮಾ, ಗೆದ್ದಲಿಗೆ ನೋಟೀಸು ಕೊಡ್ಲೇನು?”

ಅಂದು ಗುರುವಾರ. ನಾನು ಎರಡು ರಾತ್ರಿ ಸರಿಯಾಗಿ ಮಲಗಲಿಲ್ಲ. ಶೆಡ್ಡಿನಲ್ಲಿದ್ದ ನನ್ನ ಪೆಟ್ಟಿಗೆಯನ್ನು ಮೂರು ಸಲ ತೆರೆದು ನೋಡಿದೆ. ನನ್ನ ಹೆಸರಿದ್ದ ಕಾಗದಗಳು ಇದ್ದವು, ಅವುಗಳಲ್ಲಿ ಕ್ಯಾಂಪಿನ ನಂಬರಿರಲಿಲ್ಲ. ಶನಿವಾರ ಬೆಳಿಗ್ಗೆ ಗೇಜಿನ ಮುಂದೆ ನಿಂತಿದ್ದಾಗ, ಮೊದಲ ವರ್ಷ ನಾನು ಸ್ನೇಹಿತನಿಗೆ ಬರೆದ ಪತ್ರಗಳು ನೆನಪಿಗೆ ಬಂದವು. ಪ್ರತಿ ಪತ್ರದ ಬಲಮೂಲೆಯಲ್ಲಿ ಕ್ಯಾಂಪಿನ ನಂಬರು ಬರೆಯುತ್ತಿದ್ದೆ. ಲಕೋಟೆಯ ಮೇಲೆ ಅಂಚೆಯ ಸಿಕ್ಕಾ ಬೀಳುತ್ತಿತ್ತು. ಅಂಚೆಯೂ ಸರ್ಕಾರವೇ ಅಲ್ಲವೇ ಎಂದುಕೊಂಡೆ. ಆ ಕ್ಷಣದಲ್ಲಿ ಸಂತೋಷವಾಯಿತು, ಮರುಕ್ಷಣವೇ ಅವನ ಮುಂದೆ ಹೋಗಿ ನಿಲ್ಲಲು ಭಯವಾಯಿತು. ಅದಕ್ಕೆ ಕಾರಣವಿತ್ತು.

ಸ್ನೇಹಿತನೂ ನಾನೂ ಯಾದಗಿರಿಯ ಹಾಸ್ಟೆಲಿನಲ್ಲಿ ಓದಿದವರು. ಇಬ್ಬರ ಬಟ್ಟೆಗಳೂ ಒಂದೇ ಟ್ರಂಕಿನಲ್ಲಿರುತ್ತಿದ್ದವು. ಅವನು ಮಾಸ್ತರನಾಗಿ ರಂಗಂಪೇಟೆಯ ಶಾಲೆಗೆ ಸೇರಿದ. ನಾನು ಕಾಲುವೆಗೆ ಬಂದೆ. ಅವನ ಲಗ್ನದ ದಿನವೇ ನಮ್ಮ ಉಪಕಾಲುವೆಗೆ ಮೊದಲ ಸಲ ನೀರು ಬಿಟ್ಟರು. ಗೇಜು ಬಿಟ್ಟು ಕದಲುವಂತಿರಲಿಲ್ಲ. ಹೋಗಲಾಗಲಿಲ್ಲ ಎಂಬುದು ನನ್ನ ಅಪರಾಧವಲ್ಲ. ಅನಂತರ ಒಂದು ಸಾಲು ಕ್ಷಮಾಪಣೆ ಬರೆಯಲಿಲ್ಲವಲ್ಲ, ಅದು ಅಪರಾಧ. ಬರೆಯಲು ಕೂತಿದ್ದೆ. ‘ವಿಷಯ’ ಎಂಬುದರ ಮುಂದೆ ಏನು ಬರೆಯಬೇಕೆಂದು ತಿಳಿಯದೆ ಕಾಗದ ಮಡಚಿಟ್ಟೆ. ಒಂದು ವಾರ ತಡವಾಯಿತು. ತಡವಾದದ್ದಕ್ಕೂ ಕ್ಷಮೆ ಕೇಳಬೇಕಾಯಿತು. ಹಾಗೆಯೇ ನಾಲ್ಕು ವರ್ಷವಾಯಿತು.

ಶನಿವಾರ ಮಧ್ಯಾಹ್ನದ ಅಳತೆ ಬರೆದು, ಉಳಿದದ್ದನ್ನು ಜೊತೆಯವನಿಗೆ ಒಪ್ಪಿಸಿ, ಶಹಾಪುರಕ್ಕೆ ನಡೆದು ಸುರಪುರದ ಬಸ್ಸು ಹಿಡಿದೆ. ಎಳ್ಳಮಾವಾಸ್ಯೆ ಕಳೆದು ಮೂರು ದಿನವಾಗಿತ್ತು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದ್ದರೂ ಆ ಹಬ್ಬದ ಸಜ್ಜಿರೊಟ್ಟಿ ನನ್ನ ತಾಯಿ ತಪ್ಪಿಸಿದವಳಲ್ಲ. ಅವಳು ಕಳಿಸಿದ್ದ ಗಂಟನ್ನೇ ಕೈಯಲ್ಲಿ ಹಿಡಿದಿದ್ದೆ. ಖಾಲಿ ಕೈಯಲ್ಲಿ ಹೋಗಲು ನಾಚಿಕೆಯಾಗಿತ್ತು. ದಾರಿಯುದ್ದಕ್ಕೂ ಒಂದು ಕಡೆ ಕಾಲುವೆಯ ನೀರಿನ ಹೊಸ ಭತ್ತದ ಗದ್ದೆಗಳು, ಇನ್ನೊಂದು ಕಡೆ ಹಳೆಯ ಜೋಳ, ಹತ್ತಿ. ಕಿಟಕಿಗೆ ಗಾಜಿರಲಿಲ್ಲ, ಗಾಳಿ ಕಿವಿ ಕತ್ತರಿಸುತ್ತಿತ್ತು. ಏನು ಹೇಳಬೇಕೆಂದು ಮೂರು ರೀತಿಯಲ್ಲಿ ಕರಡು ಮಾಡಿಕೊಂಡೆ. ಸುರಪುರದ ಗುಡ್ಡಗಳು ಕಾಣುವಷ್ಟರಲ್ಲಿ ಮೂರನ್ನೂ ಮರೆತಿದ್ದೆ.

ಸುರಪುರವನ್ನು ಸುತ್ತ ಗುಡ್ಡಗಳು ಹಿಡಿದುಕೊಂಡಿವೆ. ಹೊತ್ತು ಬೇಗ ಬಂಡೆಗಳ ಹಿಂದೆ ಸರಿದು, ಬೇರೆ ಕಡೆ ಬಿಸಿಲಿರುವಾಗಲೇ ಅಲ್ಲಿ ಚಳಿ ಇಳಿಯುತ್ತದೆ. ಸ್ನೇಹಿತನ ಮನೆ ಮೇಲಿನ ಓಣಿಯಲ್ಲಿ, ಒಂದು ದೊಡ್ಡ ಬಂಡೆಗೆ ಬೆನ್ನು ಹಚ್ಚಿ ನಿಂತಿತ್ತು. ಕಲ್ಲಿನ ಮೆಟ್ಟಿಲು ಏರುವಾಗ ಎರಡು ಸಲ ನಿಂತೆ. ಉಸಿರಿಗಾಗಿ ಅಲ್ಲ.

ಕಟ್ಟೆಯ ಮೇಲೆ ಕೌದಿ ಹೊದ್ದು ಕುಳಿತಿದ್ದ ಅವನ ತಾಯಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

“ಯಾರಪಾ? ... ಅಯ್ಯ ನನ ಶಿವನ! ಏ, ಹೊರಗ ಬಾರೋ! ನಿನ್ನ ಕಾಲುವಿ ಅಂವ ಬಂದಾನ ನೋಡು!”

ಸ್ನೇಹಿತ ಬಾಗಿಲಿಗೆ ಬಂದ. ಮೈ ತುಂಬಿಕೊಂಡಿದ್ದ, ಕಿವಿಗೆ ಮಫ್ಲರು ಸುತ್ತಿಕೊಂಡಿದ್ದ. ನನ್ನನ್ನೂ ಕೈಯಲ್ಲಿದ್ದ ಗಂಟನ್ನೂ ನೋಡಿದ.

“ಲಗ್ನದ ಊಟ ಆಗಿ ನಾಕು ವರ್ಷ ಆತು,” ಎಂದ. “ಸ್ವಲ್ಪ ತಡಾ ಆತಲ್ಲೋ ದೋಸ್ತ?”

ನಾನು ಗಂಟನ್ನು ಅವನ ತಾಯಿಯ ಕೈಗೆ ಕೊಟ್ಟೆ. ಒಳಗಿನಿಂದ ಅವನ ಹೆಂಡತಿ, ಅವರನ್ನು ನಾನು ಅಂದೇ ಮೊದಲು ಕಂಡದ್ದು, ನೀರಿನ ಚೊಂಬು ತಂದಿಟ್ಟು, “ಬರ್ರಿ ಅಣ್ಣಾರ. ಊಟ ಹಳಸಿಲ್ಲ, ಇನ್ನಾ ಅದ,” ಎಂದರು. ತಾಯಿ ನಕ್ಕರು. ಸ್ನೇಹಿತ ನಗಲಿಲ್ಲ, ಆದರೆ ದಾರಿ ಬಿಟ್ಟ.

ಆ ಸಂಜೆ ನಾನು ಕೇಳಲಿಲ್ಲ. ಕೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಯಾರಾದರೂ ರೊಟ್ಟಿ ನೀಡುತ್ತಿದ್ದರು. ಅವನು ಶಾಲೆಯ ಸುದ್ದಿ ಹೇಳಿದ. ನಾನು ಕಾಲುವೆಯ ಸುದ್ದಿ ಹೇಳಿದೆ. ಇಬ್ಬರು ನೌಕರರು ಬಸ್ ಸ್ಟ್ಯಾಂಡಿನಲ್ಲಿ ಮಾತಾಡಿದಂತೆ ಇತ್ತು. ಗೋಡೆಯ ಗೂಡಿನಲ್ಲಿ, ತೊಲೆಯ ಕೊಂಡಿಯಲ್ಲಿ, ಎಲ್ಲಿಯಾದರೂ ಹಳೆಯ ಪತ್ರಗಳ ಕಟ್ಟು ಕಾಣುವುದೇ ಎಂದು ನನ್ನ ಕಣ್ಣು ಹುಡುಕುತ್ತಿತ್ತು. ಹಾಗೆ ಹುಡುಕುವುದನ್ನು ಅವನ ತಾಯಿ ನೋಡಿದರು ಎಂಬುದು ನನಗೆ ಮರುದಿನ ತಿಳಿಯಿತು.

ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಸ್ನಾನದ ಹಂಡೆಗೆ ಉರಿ ಹಾಕಿದ್ದರು. ಬಂಡೆಯ ಮೇಲಿನ ಇಬ್ಬನಿ ಕರಗಿ ಗೋಡೆಗುಂಟ ಇಳಿಯುತ್ತಿತ್ತು. ಸ್ನೇಹಿತ ಹತ್ತಿಯ ಕಟ್ಟಿಗೆ ಮುರಿದು ಒಲೆಗೆ ತುರುಕುತ್ತಿದ್ದ. ತಾಯಿ ನನ್ನ ಪಕ್ಕಕ್ಕೆ ಕುಳಿತು, ಉರಿಗೆ ಕೈ ಚಾಚಿ, “ಏನೋ ಕೆಲಸ ಇಟಗೊಂಡು ಬಂದಿ. ನಿನ್ನಿಯಿಂದ ಮನಿ ಜಪ್ತಿಗೆ ಬಂದವರಂಗ ಗ್ವಾಡಿ ನೋಡಾಕತ್ತಿ. ಹೇಳಿ ಬಿಡಪಾ, ಹೊಟ್ಟಿ ಹಗುರಾಗ್ತದ,” ಎಂದರು.

ಹೇಳಿದೆ. ಆದೇಶ, ಗೆದ್ದಲು, ಸೋಮವಾರ ಸಂಜೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಕೊನೆಗೆ, ಮೊದಲ ವರ್ಷದ ನನ್ನ ಪತ್ರಗಳಿದ್ದರೆ ಅವುಗಳಲ್ಲಿ ಒಂದನ್ನು ಕೊಡಬೇಕೆಂದು ಕೇಳಿದೆ.

ಸ್ನೇಹಿತ ಕಟ್ಟಿಗೆ ಮುರಿಯುವುದನ್ನು ನಿಲ್ಲಿಸಿದ.

“ಪತ್ರಕ್ಕ ಬಂದಿಯೇನು?”

“ಹೌದು.”

“ನನ್ನ ನೋಡಾಕ ಬಂದಿಲ್ಲ.”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ, ಧೈರ್ಯದಿಂದಲ್ಲ, ಗಾಬರಿಯಲ್ಲಿ ಸುಳ್ಳು ಹೊಳೆಯಲಿಲ್ಲ.

ಅವನು ಕೈಯಲ್ಲಿದ್ದ ಕಟ್ಟಿಗೆಯಿಂದ ಒಲೆಯ ಬಾಯಿ ತೋರಿಸಿದ. “ಇಲ್ಲಿ ಅದಾವ. ಲಗ್ನದ ಮೂರನೇ ದಿನ, ನೀನೂ ಬರಲಿಲ್ಲ, ನಿನ್ನ ಕಾಗದನೂ ಬರಲಿಲ್ಲ ಅಂತ, ಇಡೀ ಕಟ್ಟು ನಾನ ಹಾಕಿದೆ. ಲಕೋಟಿ ಸುದ್ದಾ.”

ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ನಾಳೆ ಸಂಜೆ, ನಾಡಿದ್ದಿನಿಂದ ಊರಿಗೆ ಹೋಗಿ ಏನು ಮಾಡುವುದು, ತಾಯಿಗೆ ಏನು ಹೇಳುವುದು, ಇದೇ ಲೆಕ್ಕ ತಲೆಯಲ್ಲಿ ತಿರುಗುತ್ತಿತ್ತು. ಅವನ ತಾಯಿ ಎದ್ದು, ಅವನ ಮಫ್ಲರಿನ ತುದಿ ಹಿಡಿದು ಜಗ್ಗಿದರು.

“ಎಂಥಾ ಮಾಸ್ತರೋ ನೀನು! ಹುಡುಗರು ಹರದ ಹಾಳಿ ಕೂಡಿಸಿ ಇಡಾಂವ, ಗೆಣ್ಯಾನ ಕಾಗದ ಸುಡ್ತೀಯೇನು? ಅಂವಾ ಬರಲಿಲ್ಲಂತ ನನ್ನ ಮುಂದ ಅತ್ತಿ. ಸುಟ್ಟಿದ್ದು ಯಾಕ ಹೇಳಲಿಲ್ಲ?”

“ಯವ್ವಾ, ಬಿಡು,” ಎಂದ ಅವನು. ಅವನು ಅತ್ತಿದ್ದ ಎಂಬುದು ನನಗೆ ಗೊತ್ತಿರಲಿಲ್ಲ.

ಸ್ನಾನವಾಯಿತು. ಚಹಾ ಆಯಿತು. ನಾನು ಚೀಲ ಹಿಡಿದು ಹೊರಡಲು ಎದ್ದಾಗ ಅವನೂ ಚಪ್ಪಲಿ ಮೆಟ್ಟಿದ.

“ರಂಗಂಪೇಟಿಗೆ ನಡಿ,” ಎಂದ. “ನಿನಗ ಒಂದು ಮಾತು ಹೇಳಿಲ್ಲ. ಹೇಳಿದ್ರ ನೀ ಬರಿಯೂದು ಬಿಡ್ತಿದ್ದಿ.”

ಗುಡ್ಡ ಇಳಿಯುತ್ತ ಅವನು ಹೇಳಿದ್ದನ್ನು ಈ ಕೆಳಗೆ ವಿವರಿಸುತ್ತೇನೆ. ಮೊದಲ ವರ್ಷ ನಾನು ಪತ್ರಗಳನ್ನು ಅವನ ಶಾಲೆಯ ವಿಳಾಸಕ್ಕೆ ಬರೆಯುತ್ತಿದ್ದೆ. ಗುಮಾಸ್ತರ ಪತ್ರಗಳಲ್ಲಿ, ಕೆಳಗಿನ ನೌಕರನಿಗೆ ಬರೆಯುವಾಗ ಅವನ ಮೇಲಧಿಕಾರಿಯ ‘ಮುಖಾಂತರ’ ಎಂದು ಬರೆಯುವುದನ್ನು ನೋಡಿದ್ದೆ. ಅದೇ ಮರ್ಯಾದೆ ಎಂದು ತಿಳಿದು, ‘ಸಹಶಿಕ್ಷಕರು, ಮುಖ್ಯೋಪಾಧ್ಯಾಯರ ಮುಖಾಂತರ’ ಎಂದು ಬರೆದು, ಕ್ಯಾಂಪಿನ ಹಳೆಯ ಖಾಕಿ ಲಕೋಟೆಯನ್ನು ತಿರುವಿ ಅಂಟಿಸಿ ಕಳಿಸುತ್ತಿದ್ದೆ. ಹಾಗೆ ಬಂದ ಟಪಾಲನ್ನು ಮುಖ್ಯೋಪಾಧ್ಯಾಯರು ಒಡೆದು ಓದಿ, ಶಾಲೆಯ ಆವಕ ಪುಸ್ತಕದಲ್ಲಿ ನಂಬರು, ತಾರೀಖು, ವಿಷಯ ದಾಖಲಿಸಿ, ಸಹಿ ಪಡೆದು ಸ್ನೇಹಿತನ ಕೈಗೆ ಕೊಡುತ್ತಿದ್ದರಂತೆ. ಒಂದಲ್ಲ, ಎಲ್ಲವನ್ನೂ. ಜೊತೆಯ ಮಾಸ್ತರರು, “ಕಾಲುವಿ ಇಲಾಖೆಯಿಂದ ಇವತ್ತೇನು ಆರ್ಡರ್ ಬಂತ್ರಿ?” ಎಂದು ಕಾಡುತ್ತಿದ್ದರಂತೆ. ಮರುವರ್ಷ ಅವನು “ಇನ್ನ ಮ್ಯಾಲೆ ಮನಿಗೆ ಬರಿ” ಎಂದಿದ್ದರ ಕಾರಣ ನನಗೆ ಅಂದು ತಿಳಿಯಿತು.

ಆಸೆ ಮತ್ತು ಅವಮಾನ ಒಟ್ಟಿಗೆ ಬಂದರೆ ಕಾಲು ಹೇಗೆ ನಡೆಯುತ್ತದೆ ಎಂಬುದನ್ನು ವಿವರಿಸಲಾರೆ. ಆ ಪತ್ರಗಳಲ್ಲಿ ನಾನು ಬರೆದದ್ದೆಲ್ಲ ಒಂದೊಂದಾಗಿ ನೆನಪಾಗತೊಡಗಿತು: ಜ್ವರ ಬಂದು ಅತ್ತದ್ದು, ಮೇಸ್ತ್ರಿ ಬೈದದ್ದು, ಶೆಡ್ಡಿನ ಹಿಂದೆ ನರಿ ಕೂಗಿದಾಗ ಹೊರಗೆ ಹೋಗಲು ಹೆದರಿದ್ದು. ಅದನ್ನೆಲ್ಲ ನಾನು ಕಾಣದ ಒಬ್ಬ ಮುಖ್ಯೋಪಾಧ್ಯಾಯರು ಓದಿದ್ದರು.

ಅವರ ಮನೆ ಶಾಲೆಯ ಪಕ್ಕದಲ್ಲಿಯೇ ಇತ್ತು. ತೆಳ್ಳಗಿನ ದೇಹ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಭಾನುವಾರವೂ ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಸ್ನೇಹಿತ ನನ್ನನ್ನು ಪರಿಚಯಿಸಿದಾಗ ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, “ಕ್ಯಾಂಪಿನವರು ನೀವ ಏನು? ಈಗ ಜ್ವರ ಬರೂದಿಲ್ಲಲ್ಲ?” ಎಂದರು.

“ಇಲ್ರಿ ಸರ,” ಎಂದೆ. ನೆಲ ನೋಡುತ್ತಿದ್ದೆ.

“ಆ ಮೇಸ್ತ್ರಿ ಇನ್ನಾ ಬೈತಾನೇನು?”

“ವರ್ಗ ಆಗ್ಯಾನ್ರಿ.”

“ಚೊಲೋ ಆತು,” ಎಂದರು. ತಮಾಷೆಯೋ ಮರುಕವೋ ತಿಳಿಯಲಿಲ್ಲ. ಅವರ ಮುಖ ಒಂದೇ ರೀತಿ ಇರುತ್ತಿತ್ತು.

ಸ್ನೇಹಿತ ವಿಷಯ ತಿಳಿಸಿದ. ಅವರು ಬೀಗದ ಗೊಂಚಲು ತಂದು ಶಾಲೆಯ ಕೋಣೆ ತೆರೆದರು. ಕಪಾಟಿನಲ್ಲಿ ವರ್ಷವಾರು ಪುಸ್ತಕಗಳನ್ನು ಬಟ್ಟೆಯಲ್ಲಿ ಕಟ್ಟಿ, ಮಡಿಕೆಗಳಲ್ಲಿ ಬೇವಿನ ಎಲೆ ಇಟ್ಟಿದ್ದರು. ಒಂದು ಹುಳ ಇರಲಿಲ್ಲ. ಆ ವರ್ಷದ ಆವಕ ಪುಸ್ತಕ ತೆಗೆದು ಮೇಜಿನ ಮೇಲೆ ಹರವಿದರು. ನಾವಿಬ್ಬರೂ ಎರಡು ಬದಿಯಿಂದ ಬಾಗಿದೆವು.

ಇದ್ದವು. ನನ್ನ ಹೆಸರು, ‘ದಿನಗೂಲಿ ನೌಕರ, ಕಾಲುವೆ ಕ್ಯಾಂಪು’, ಅದರ ಮುಂದೆ ನಂಬರು. ವಿಷಯದ ಅಂಕಣದಲ್ಲಿ ಅವರ ಮುತ್ತಿನಂಥ ಅಕ್ಷರದಲ್ಲಿ: ‘ಜ್ವರ ಬಂದಿರುವ ಬಗ್ಗೆ.’ ‘ನರಿಗಳ ಹಾವಳಿ ಬಗ್ಗೆ.’ ‘ಊಟ ರುಚಿಸದಿರುವ ಬಗ್ಗೆ.’ ನಾನು ಬೆರಳು ಮೇಲೆ ಮೇಲೆ ಸರಿಸಿದೆ. ಎಲ್ಲಕ್ಕಿಂತ ಮೊದಲನೆಯ ದಾಖಲೆಯ ತಾರೀಖು ಗೊತ್ತುಪಡಿಸಿದ ದಿನಕ್ಕಿಂತ ಹನ್ನೊಂದು ದಿನ ಈಚೆಗಿತ್ತು.

ಮೂರು ಸಲ ಓದಿದೆ. ಹನ್ನೊಂದು ದಿನ.

“ಇದರಕಿಂತ ಮೊದಲ ಒಂದು ಬರದಿದ್ದೆ,” ಎಂದೆ. “ಬಂದ ವಾರದಾಗ ಬರದಿದ್ದೆ.”

ಮುಖ್ಯೋಪಾಧ್ಯಾಯರು ಹಿಂದಿನ ಪುಟಗಳನ್ನು ಸಾಲು ಸಾಲಾಗಿ ನೋಡಿದರು. ಇರಲಿಲ್ಲ. ಆಗ ಸ್ನೇಹಿತ ಒಂದು ಪುಟದ ಬುಡದಲ್ಲಿ ಬೆರಳಿಟ್ಟು, ಮೆಲ್ಲಗೆ, “ಸರ, ಇಲ್ಲಿ ಒಂದು ಗೆರಿ ಖಾಲಿ ಉಳದದ,” ಎಂದ.

ಸತ್ಯವನ್ನು ಮುಚ್ಚಿಡಬಾರದಾದ್ದರಿಂದ ಬರೆಯುತ್ತೇನೆ: ನಾನೂ ಆ ಗೆರೆಯನ್ನು ನೋಡಿದೆ. ನನ್ನ ಹೆಸರು, ಕ್ಯಾಂಪಿನ ನಂಬರು ಅದರಲ್ಲಿ ಹಿಡಿಯುತ್ತವೆಯೇ ಎಂದು ಅಳೆದೂ ನೋಡಿದೆ. ಹಿಡಿಯುತ್ತಿದ್ದವು.

ಮುಖ್ಯೋಪಾಧ್ಯಾಯರು ಪುಸ್ತಕ ಮುಚ್ಚಿದರು.

“ಮಾಸ್ತರ, ಹೊರಗ ನಿಂದರ್ರಿ.”

“ಸರ, ಅವನ ಅನ್ನದ ಪ್ರಶ್ನೆ...”

“ಹೊರಗ ನಿಂದರ್ರಿ ಅಂದೆ.”

ಸ್ನೇಹಿತ ಹೋಗಿ ಅಂಗಳದ ಧ್ವಜಕಟ್ಟೆಯ ಬಳಿ ನಿಂತ. ನಾನೂ ಹೋಗಬೇಕೋ ನಿಲ್ಲಬೇಕೋ ತಿಳಿಯದೆ, ಮೇಜಿನ ಅಂಚು ಹಿಡಿದು ನಿಂತಿದ್ದೆ. ಕೋಣೆಯೊಳಗೆ ಹೊರಗಿಗಿಂತ ಹೆಚ್ಚು ಚಳಿ ಇತ್ತು. ಅವರು ಪುಸ್ತಕಕ್ಕೆ ಬಟ್ಟೆ ಸುತ್ತಿ ಗಂಟು ಹಾಕುತ್ತ, ನನ್ನ ಕಡೆ ನೋಡದೆಯೇ ಕೇಳಿದರು:

“ಮೊದಲನೇದರಾಗ ಏನು ಬರದಿದ್ರಿ?”

“ಚಳಿ ಬಹಳ ಅದ, ಒಂದು ಕಂಬಳಿ ಕಳಸು ಅಂತ ಬರದಿದ್ದೆರಿ.”

ಅವರ ಕೈ ನಿಂತಿತು.

“ಕಂಬಳಿ,” ಎಂದರು. “ಕಂಬಳಿ ಸಾಮಾನಿನ ಪೈಕಿ. ಸಾಮಾನಿನ ಪತ್ರ ಇದರಾಗ ಬರೂದಿಲ್ಲ. ಅದಕ್ಕ ಬ್ಯಾರೆ ಪುಸ್ತಕ ಅದ.”

ಕಪಾಟಿನ ಕೆಳಗಿನ ಹಂತದಿಂದ ಒಂದು ಸಣ್ಣ ಪುಸ್ತಕ ತೆಗೆದರು. ಶಾಲೆಗೆ ಬರುವ ಚಾಪೆ, ನಕಾಶೆ, ಸೀಮೆಸುಣ್ಣ ಇತ್ಯಾದಿಗಳ ಪತ್ರವ್ಯವಹಾರದ ಪುಸ್ತಕ ಅದು. ವರ್ಷಕ್ಕೆ ಎರಡೇ ಪುಟ ತುಂಬಿತ್ತು. ‘ಭೂಗೋಳ ಒಂದು ದುರಸ್ತಿ ಕುರಿತು’ ಎಂಬುದರ ಕೆಳಗೆ ನನ್ನ ಹೆಸರಿತ್ತು. ನನ್ನ ಕ್ಯಾಂಪಿನ ನಂಬರಿತ್ತು. ‘ಕೆಲಸಕ್ಕೆ ಹಾಜರಾಗಿದ್ದು, ಚಳಿ ಹೆಚ್ಚಿರುವುದರಿಂದ ಕಂಬಳಿ ಒಂದು ಕಳುಹಿಸಿಕೊಡುವ ಕುರಿತು.’ ತಾರೀಖು ಸಂಕ್ರಾಂತಿಯಾದ ಹತ್ತನೆಯ ದಿನದ್ದು. ಪಕ್ಕದಲ್ಲಿ ಕೆಂಪಕ್ಷರದ ಷರಾ: ‘ಖಾಸಗಿ. ಸಹಶಿಕ್ಷಕರಿಗೆ ಹಸ್ತಾಂತರಿಸಿದೆ.’

ನಾನು ಕುಳಿತುಬಿಟ್ಟೆ. ಅದು ಮೂರನೆಯ ತರಗತಿಯ ಮಕ್ಕಳ ಬೆಂಚು. ಮೊಣಕಾಲು ಗದ್ದಕ್ಕೆ ತಾಗಿದವು.

“ಒಡದ ಮ್ಯಾಲೆ ಖಾಸಗಿ ಅಂತ ಗೊತ್ತಾತು,” ಎಂದರು ಅವರು, ನನಗೆ ಉತ್ತರ ಕೊಡಬೇಕಾಗಿರುವಂತೆ. “ಅಷ್ಟೊತ್ತಿಗೆ ನಂಬರ್ ಹಾಕಿದ್ದೆ. ಹಾಕಿದ ನಂಬರ್ ಹೊಡದು ಹಾಕಾಕ ಬರೂದಿಲ್ಲ. ಒಂದಕ್ಕ ಹಾಕಿದ ಮ್ಯಾಲೆ ಉಳದವಕ್ಕ ಹಾಕಲಿಲ್ಲಂದ್ರ, ಒಂದಕ್ಕ ಯಾಕ ಹಾಕಿದ್ರಿ ಅಂತ ಕೇಳ್ತಾರ. ಹಿಂಗಾಗಿ ವರ್ಷಪೂರ್ತಿ ನಿಮ್ಮ ಜ್ವರಕ್ಕೆಲ್ಲ ನಂಬರ್ ಹಾಕ್ಕೋತ ಹೋದೆ.”

ದೃಢೀಕರಿಸಿದ ನಕಲು ಕೊಡಲು ಅವರು ಒಪ್ಪಿದರು. ಆದರೆ ಅಂದೇ ಕೊಡಲು ಒಪ್ಪಲಿಲ್ಲ. ಭಾನುವಾರ ಕಚೇರಿ ಇಲ್ಲ. ಇಲ್ಲದ ಕಚೇರಿಯ ಸಿಕ್ಕಾ ಒತ್ತಲಾಗದು. ಸೋಮವಾರ ಶಾಲೆಯ ಗಂಟೆ ಬಾರಿಸಿದ ಮೇಲೆ, ಹೊರಹೋಗುವ ಪತ್ರಗಳ ಜಾವಕ ನಂಬರು ಹಾಕಿ ಕೊಡುವುದಾಗಿ ಹೇಳಿದರು. ನಾನು ಸೋಮವಾರ ಬೆಳಿಗ್ಗೆ ಆರಕ್ಕೆ ಗೇಜಿನ ಮುಂದೆ ಇರಲೇಬೇಕಿತ್ತು. ಪಟ್ಟಿ ಹೋಗುವ ದಿನವೇ ಗೈರುಹಾಜರಾದರೆ ಕಾಗದ ಇದ್ದೂ ಪ್ರಯೋಜನವಿರಲಿಲ್ಲ.

“ನಾ ತರ್ತೀನಿ,” ಎಂದ ಸ್ನೇಹಿತ, ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ. “ಅರ್ಧ ದಿನ ರಜಾ ಹಾಕ್ತೀನಿ. ನಾಕರೊಳಗ ಬರ್ತೀನಿ.”

“ಖರೇ ಬರ್ತಿಯೇನು?”

ಕೇಳಬಾರದಿತ್ತು. ಅವನು ನಿಂತ. “ನೀ ಹಂಗ ಕೇಳಬ್ಯಾಡ,” ಎಂದ. “ನಿನಗ ಆ ಹಕ್ಕಿಲ್ಲ.” ಆಮೇಲೆ ಬಸ್ಸು ಬರುವವರೆಗೂ ಜೊತೆಯಲ್ಲಿಯೇ ನಿಂತಿದ್ದ. ಬಸ್ಸು ಹೊರಟಾಗ ತನ್ನ ಮಫ್ಲರು ಬಿಚ್ಚಿ ಕಿಟಕಿಯೊಳಗೆ ಒಗೆದ.

ಸೋಮವಾರ ನಾನು ಬರೆದ ಅಳತೆಗಳಲ್ಲಿ ಒಂದು ತಪ್ಪಾಗಿತ್ತೆಂದು ಮೇಲಿನವರು ಆಮೇಲೆ ತಿಳಿಸಿದರು. ನಾಲ್ಕು ಗಂಟೆಗೆ ರಸ್ತೆಗೆ ಹೋಗಿ ನಿಂತೆ. ಒಂದು ಬಸ್ಸು ನಿಲ್ಲದೆ ಹೋಯಿತು. ಭತ್ತದ ಚೀಲ ಹೇರಿದ ಲಾರಿಗಳು ಹೋದವು. ಲಗ್ನದ ದಿನ ಅವನೂ ಹೀಗೆಯೇ ಗುಡ್ಡದ ಮೇಲಿನಿಂದ ರಸ್ತೆ ನೋಡಿರಬಹುದೇ ಎಂಬ ಯೋಚನೆ ಬಂತು, ಬಂದದ್ದು ಹೋಗಲಿಲ್ಲ. ನಾಲ್ಕೂವರೆ ಆಯಿತು. ಗುಮಾಸ್ತರು ಶೆಡ್ಡಿನ ಬಾಗಿಲಿಗೆ ಬಂದು, ಕೈಯೆತ್ತಿ, ಏನಾಯಿತೆಂದು ಸನ್ನೆಯಿಂದ ಕೇಳಿದರು. ನಾನೂ ಕೈಯೆತ್ತಿದೆ. ಅದಕ್ಕೆ ಅರ್ಥವಿರಲಿಲ್ಲ.

ಅವನು ರಸ್ತೆಯಿಂದ ಬರಲೇ ಇಲ್ಲ. ಬಸ್ಸು ಭೀಮರಾಯನಗುಡಿಯ ಹತ್ತಿರ ಕೆಟ್ಟು ನಿಂತಿದ್ದರಿಂದ ಕಾಲುವೆಯ ಏರಿಗುಂಟ ನಡೆದು, ನನ್ನ ಬೆನ್ನ ಹಿಂದಿನಿಂದ ಬಂದ. ಧೋತರ ಮೊಣಕಾಲಿಗೆ ಎತ್ತಿಕಟ್ಟಿದ್ದ, ಏದುಸಿರು ಬಿಡುತ್ತಿದ್ದ.

“ನಿನ್ನ ಕಾಲುವಿ ಎಷ್ಟು ಡೊಂಕು ಅದನೋ ಮಾರಾಯಾ,” ಎಂದ. “ನೆಟ್ಟಗ ತೋಡಾಕ ಯಾರಿಗೂ ಬರಲಿಲ್ಲೇನು?” ಅಂಗಿಯೊಳಗಿನಿಂದ ಲಕೋಟೆ ತೆಗೆದು ಕೊಟ್ಟ.

ಗುಮಾಸ್ತರು ನಕಲನ್ನು ಎರಡು ಸಲ ಓದಿದರು. ಎರಡನೆಯ ಸಲ ಅವರ ಮೀಸೆ ಅಲುಗಿತು.

“ಕಂಬಳಿ ಬಂತೇನೋ ಕಡೀಗೆ?”

“ಬಂತ್ರಿ,” ಎಂದು ಸ್ನೇಹಿತನೇ ಉತ್ತರ ಕೊಟ್ಟ. “ನಮ್ಮವ್ವಂದು ಕಳಿಸಿದ್ದೆ. ವಾಪಸ್ ಬಂದಿಲ್ಲ.”

ನಕಲನ್ನು ಪಟ್ಟಿಗೆ ಲಗತ್ತಿಸಿದರು. ಬೇಸಿಗೆಯಲ್ಲಿ ಆದೇಶ ಬಂತು. ಅದರಲ್ಲಿ ನನ್ನ ಹೆಸರಿತ್ತು. ಪತ್ರ ಬರೆಯದೆ, ಮೊದಲ ಬಸ್ಸಿಗೆ ಸುರಪುರಕ್ಕೆ ಹೋಗಿ ಆ ಮನೆಯ ಕಟ್ಟೆಯ ಮೇಲೆ ಕುಳಿತು ಹೇಳಿದೆ. ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಅಂದು ಸ್ನೇಹಿತ ಇನ್ನೊಂದು ಮಾತು ತಿಳಿಸಿದ. ಶಾಲೆಯ ತನಿಖೆಗೆ ಬಂದ ಅಧಿಕಾರಿಗಳು, ಬೇರೆ ಇಲಾಖೆಗೆ ಹೋದ ಆ ನಕಲಿನ ದಾಖಲೆಯನ್ನು ನೋಡಿ, ಮೂಲ ಪುಸ್ತಕ ತರಿಸಿ, ‘ಖಾಸಗಿ ಪತ್ರಗಳನ್ನು ಸರ್ಕಾರಿ ಪುಸ್ತಕದಲ್ಲಿ ದಾಖಲಿಸಿರುವುದು ಆಕ್ಷೇಪಾರ್ಹ’ ಎಂದು ಬರೆದು, ಮುಖ್ಯೋಪಾಧ್ಯಾಯರಿಂದ ವಿವರಣೆ ಕೇಳಿದ್ದರು. ನಿವೃತ್ತಿಯ ವರ್ಷದಲ್ಲಿ.

ನಾನು ಅಲ್ಲಿಂದಲೇ ರಂಗಂಪೇಟೆಗೆ ಇಳಿದು ಹೋದೆ. ಅವರು ಅಂಗಳದಲ್ಲಿ ಪುಸ್ತಕಗಳನ್ನು ಬಿಸಿಲಿಗೆ ಹಾಕುತ್ತಿದ್ದರು. ಕಾಲು ಮುಟ್ಟಲು ಹೋದರೆ ಹಿಂದೆ ಸರಿದರು.

“ತಪ್ಪು ನಂದ ಆಗೇದ,” ಎಂದರು. “ಒಡದ ಕೂಡ್ಲೆ ವಾಪಸ್ ಮಾಡಬೇಕಿತ್ತು. ಹಂಗಂತ ಬರದು ಕೊಟ್ಟೀನಿ. ಆದ್ರ ತಪ್ಪು ಯಾವತ್ತು ಆತೋ ಅವತ್ತಿನ ತಾರೀಖನ ಹಾಕೀನಲ್ಲ. ಅದನ್ನ ಯಾರೂ ಆಕ್ಷೇಪಣೆ ಮಾಡಿಲ್ಲ.”

ಅದರಿಂದ ಅವರ ನಿವೃತ್ತಿಯ ಕಾಗದಪತ್ರಗಳು ತಡವಾದವೇ ಎಂದು ಕೇಳಬೇಕೆಂದಿದ್ದೆ. ಕೇಳುವಷ್ಟು ಧೈರ್ಯ ಅಂದೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಆ ಆಕ್ಷೇಪಣೆ ಆ ಶಾಲೆಯ ಕಪಾಟಿನಲ್ಲಿ, ಬೇವಿನ ಎಲೆಗಳ ನಡುವೆ, ಈಗಲೂ ಇರಬಹುದು. ಆ ತಪ್ಪಿನ ಮೇಲೆ ನಾನು ಇಡೀ ನೌಕರಿ ಮಾಡಿದೆ.

ಈ ಬರಹದಲ್ಲಿ ಅಕ್ಷರದ್ದಾಗಲಿ, ಮಾತಿನದಾಗಲಿ, ಸಂಗತಿಯದಾಗಲಿ ಯಾವುದೇ ತಪ್ಪು ಕಂಡುಬಂದಲ್ಲಿ, ಓದುಗರು ದಯವಿಟ್ಟು ತಿದ್ದಿಕೊಡಬೇಕಾಗಿ ವಿನಂತಿ. ತಿದ್ದುವಾಗ ನಾನು ಬರೆದದ್ದನ್ನು ಪೂರಾ ಅಳಿಸದೆ, ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕಾಗಿಯೂ ಕೋರುತ್ತೇನೆ.